ಮುಂದೆ ಮಾವಿನಹಣ್ಣು, ಹಿಂದೆ 955

ಹುಟ್ಟುಹಬ್ಬದ ಪಾರ್ಟಿಗೆ ಹೋಗಿದ್ದ ಮಗಳು ತಂದ ರಿಟರ್ನ್ ಗಿಫ್ಟ್ ಚೀಲದಲ್ಲಿ ಒಂದು ಪೆನ್ಸಿಲ್ ಬಾಕ್ಸು, ಕರಗಿ ಅಂಟಂಟಾದ ಎರಡು ಚಾಕೊಲೇಟು, 200 ಎಂಎಲ್‌ನ ಒಂದು ಪುಟ್ಟ ಬಾಟಲಿ ಇತ್ತು. ಬಾಟಲಿಯ ಮುಂಭಾಗದಲ್ಲಿ ಕಣ್ಣು ಕುಕ್ಕುವ ಹಳದಿ. ಕೊಯ್ದಿಟ್ಟ ಮಾವಿನಹಣ್ಣು, ತೊಟ್ಟಿನಲ್ಲಿ ಎರಡು ಎಲೆ, ಎಲೆಯ ಮೇಲೆ ಇಬ್ಬನಿ. ಕಪ್ಪು ಕನ್ನಡಕ ಹಾಕಿದ ಕೋತಿಯೊಂದು ಹೆಬ್ಬೆರಳೆತ್ತಿ ನಗುತ್ತಿದೆ. ಅದರ ಪಕ್ಕ ದುಂಡನೆಯ ಬಿಳಿ ಮುದ್ರೆಯೊಳಗೆ 'ಲೆಸ್ ಶುಗರ್' ಎಂದು ದಪ್ಪಕ್ಷರ. ಐದು ವರ್ಷದ ಹುಡುಗಿಗೆ ಇಂಗ್ಲಿಷ್ ಓದಲು ಇನ್ನೂ ಬಾರದು. ಆದರೆ ಮುಂಭಾಗ ಹೇಳಬೇಕಾದ್ದೆಲ್ಲ ಅವಳಿಗೆ ತಲುಪಿಬಿಟ್ಟಿತ್ತು. ಆಗಲೇ ಮುಚ್ಚಳ ತಿರುಗಿಸಲು ಹೆಣಗುತ್ತಿದ್ದಳು.

ನಾನು ಬಾಟಲಿ ಇಸಿದುಕೊಂಡು ತಿರುಗಿಸಿದೆ. ಪುಸ್ತಕಗಳ ಬಗ್ಗೆ ನಾಲ್ಕು ಸಾಲು ಬರೆದು ಅಭ್ಯಾಸವಾದವಳಿಗೆ ಬೆನ್ನುಡಿ ನೋಡದೆ ಸಮಾಧಾನವಾಗುವುದಿಲ್ಲ. ಈ ಬೆನ್ನುಡಿ ಸಾಸಿವೆ ಕಾಳಿಗಿಂತ ಸಣ್ಣ ಅಕ್ಷರದಲ್ಲಿತ್ತು, ಅದೂ ಹಳದಿಯ ಮೇಲೆ ಬಿಳಿ. ಮೊಬೈಲಿನಲ್ಲಿ ಫೋಟೊ ತೆಗೆದು, ಎರಡು ಬೆರಳಿನಿಂದ ಹಿಗ್ಗಿಸಿ ಓದಿದೆ. ನೀರು, ಸಕ್ಕರೆ, ಮಾವಿನ ತಿರುಳು ಶೇಕಡಾ ಹತ್ತು ಚಿಲ್ಲರೆ, ಹುಳಿಗೆ ಒಂದು, ಕೆಡದಿರಲು ಒಂದು, ಬಣ್ಣಕ್ಕೊಂದು, ಕೊನೆಗೆ 'ಸ್ವೀಟನರ್ (955, 950)'. ಇನ್ನೂ ಕೆಳಗೆ, ಬಾಟಲಿ ಸೊಂಟ ಸಣ್ಣ ಮಾಡಿಕೊಂಡು ಲೇಬಲ್ ಸುಕ್ಕುಗಟ್ಟುವ ಜಾಗದಲ್ಲಿ, ಇದರಲ್ಲಿ ಕ್ಯಾಲೊರಿ ಇಲ್ಲದ ಸಿಹಿಕಾರಕ ಇದೆ, ಇದು ಕ್ಯಾಲೊರಿ ಲೆಕ್ಕ ಇಡುವವರಿಗೆ ಎಂಬ ಅರ್ಥದ ಇಂಗ್ಲಿಷ್ ಸಾಲು.

955 ಅಂದರೆ ಸುಕ್ರಲೋಸ್. ಸಕ್ಕರೆಗಿಂತ ಸುಮಾರು 600 ಪಟ್ಟು ಸಿಹಿ. 950 ಅಂದರೆ ಅಸೆಸಲ್ಫೇಮ್ ಪೊಟ್ಯಾಸಿಯಮ್, ಸುಮಾರು 200 ಪಟ್ಟು. ಕೋತಿಯ ಚಿತ್ರ ನೋಡಿ ಬಾಟಲಿ ಎತ್ತಿಕೊಳ್ಳುವವರಲ್ಲಿ ಕ್ಯಾಲೊರಿ ಲೆಕ್ಕ ಇಡುವವರು ಯಾರಿದ್ದಾರೋ ನನಗಂತೂ ತಿಳಿಯಲಿಲ್ಲ.

ಅಷ್ಟರಲ್ಲಿ ಅತ್ತೆ ಬಂದರು. ಬಾಟಲಿ ಕೈಗೆ ತೆಗೆದುಕೊಂಡು ಒಂದೇ ಗಳಿಗೆ ನೋಡಿ ತೀರ್ಪು ಕೊಟ್ಟರು: "ಹಸಿರು ಚುಕ್ಕೆ ಐತಲ್ಲ, ಕುಡೀಲಿ ಬಿಡಮ್ಮ."

ಆ ಮಾತಿಗೆ ನನಗೆ ಮೊದಲು ನಗು ಬಂತು. ಆಮೇಲೆ ಯೋಚನೆ ಹತ್ತಿತು. ಅತ್ತೆ ಓದಿದ್ದು ನಾಲ್ಕನೇ ಕ್ಲಾಸು, ಅದೂ ಹಾಸನದ ಹತ್ತಿರದ ಹಳ್ಳಿಯ ಕನ್ನಡ ಶಾಲೆಯಲ್ಲಿ. ಇಂಗ್ಲಿಷ್ ಒಂದಕ್ಷರ ಬಾರದು, ಕನ್ನಡಕ ಹಾಕಿಕೊಳ್ಳಲು ಬೇಜಾರು. ಅಂಥವರೂ ಅಂಗಡಿಯ ಮೇಲಿನ ಶೆಲ್ಫಿನಲ್ಲಿರುವ ಬಿಸ್ಕತ್ತಿನ ಪೊಟ್ಟಣದ ಹಸಿರು ಚುಕ್ಕೆಯನ್ನು ಮಾರುದೂರದಿಂದ ಗುರುತಿಸುತ್ತಾರೆ. ನಮ್ಮ ದೇಶದ ಆಹಾರದ ಲೇಬಲ್ಲುಗಳಲ್ಲಿ ನಿಜವಾಗಿ ಓದಿಸಿಕೊಂಡದ್ದು ಅದೊಂದೇ ಎನ್ನಬೇಕು. ಅದರ ಹಿಂದಿನ ನಿಯಮವೂ ಬಹಳ ಜಾಣತನದ್ದು. ಪೊಟ್ಟಣದ ಮುಖ್ಯ ಮುಖ 100 ಚದರ ಸೆಂಟಿಮೀಟರಿಗಿಂತ ಚಿಕ್ಕದಾಗಿದ್ದರೂ ಚುಕ್ಕೆಯ ವ್ಯಾಸ 3 ಮಿಲಿಮೀಟರಿಗೆ ಕಡಿಮೆ ಇರಕೂಡದು. ಅದು ಮುಂಭಾಗದಲ್ಲೇ ಇರಬೇಕು, ಹೆಸರಿನ ಹತ್ತಿರ ಇರಬೇಕು, ಹಿನ್ನೆಲೆಯ ಬಣ್ಣದಲ್ಲಿ ಮುಳುಗಿಹೋಗಬಾರದು. ಸಸ್ಯಾಹಾರವೋ ಮಾಂಸಾಹಾರವೋ ಎಂಬ ಪ್ರಶ್ನೆಯನ್ನು ಸರ್ಕಾರ ಗಂಭೀರವಾಗಿ ತೆಗೆದುಕೊಂಡಿತು, ಹಾಗಾಗಿ ಉತ್ತರ ಎಲ್ಲರಿಗೂ ಕಾಣುವಂತಾಯಿತು. ಮಗುವಿನ ಬಾಯಿಗೆ ಹೋಗುವ ಸಿಹಿ ಯಾವುದು ಎಂಬ ಪ್ರಶ್ನೆಗೆ ಆ ಗೌರವ ಸಿಕ್ಕಿಲ್ಲ. ಅದಕ್ಕೇ ಅತ್ತೆಯ ಹಸಿರು ಚುಕ್ಕೆ, ತಾನು ಹೇಳದ ಮಾತಿಗೂ ಜಾಮೀನು ನಿಲ್ಲಬೇಕಾಗಿ ಬಂದಿದೆ.

ಮಾರನೇ ದಿನ ಸ್ಕೂಲ್ ವ್ಯಾನಿಗೆ ಕಾಯುವ ಹತ್ತು ನಿಮಿಷದಲ್ಲಿ ಈ ವಿಷಯ ತೆಗೆದೆ. ಅದೇ ಪಾರ್ಟಿಗೆ ಹೋಗಿದ್ದ ಮಕ್ಕಳ ಅಪ್ಪ ಅಮ್ಮಂದಿರು ಅಲ್ಲಿದ್ದರು.

"ನಮ್ಮನೇಲಿ ಎರಡೂ ಕಡೆ ಶುಗರ್ ಇದೆ ಕಣ್ರೀ. ಸಕ್ಕರೆ ಕಡಿಮೆ ಇದ್ರೆ ಸಾಕು, ಬೇರೆ ಏನಾದ್ರೂ ಹಾಕ್ಕೊಳ್ಲಿ" ಎಂದರು ಒಬ್ಬರು. ಇನ್ನೊಬ್ಬರಿಗೆ ಅದು ಸುತರಾಂ ಒಪ್ಪಿಗೆಯಾಗಲಿಲ್ಲ. "ಕೆಮಿಕಲ್ ಕುಡಿಸೋಕಿಂತ ಸಕ್ಕರೇನೇ ವಾಸಿ. ಅದೇನು ಅಂತ ಗೊತ್ತಾದ್ರೂ ಇದೆ." ಆಟೊ ಓಡಿಸುವ ಒಬ್ಬ ತಂದೆ ಇಬ್ಬರನ್ನೂ ನೋಡಿ ನಕ್ಕರು: "ಹತ್ತು ರೂಪಾಯಿ ಬಾಟ್ಲಿ ಮೇಡಂ. ಅದ್ರ ಹಿಂದೆ ಏನ್ ಬರ್ದವ್ರೆ ಅಂತ ಓದ್ತಾ ನಿಂತ್ರೆ ಮಗು ಅಳು ನಿಲ್ಸುತ್ತಾ?" ಕೊನೆಗೆ ಯಾರೋ ಹೇಳಲೇಬೇಕಾದ್ದನ್ನು ಹೇಳಿದರು. ನಾವೆಲ್ಲ ರಸ್ನಾ ಕುಡಿದೇ ದೊಡ್ಡವರಾಗಲಿಲ್ಲವೇ?

ಪೋಷಕರ ಇಂಥ ಮಾತುಗಳನ್ನು ತಜ್ಞರು ಎರಡು ಗುಂಪು ಮಾಡಿ ಬದಿಗಿಡುತ್ತಾರೆ: ತಿಳಿದವರು, ತಿಳಿಯದವರು. 'ಕೆಮಿಕಲ್' ಎಂದವರು ತಿಳಿಯದವರ ಗುಂಪಿಗೆ. ನೀರೂ ಕೆಮಿಕಲ್ಲೇ ಅಲ್ಲವೇ ಎಂಬ ಹಳೆಯ ಹಾಸ್ಯ ಅವರಿಗಾಗಿ ತಯಾರಿರುತ್ತದೆ. ಆದರೆ ಆ ತಾಯಿಯ ಮಾತಿನ ಎರಡನೆಯ ವಾಕ್ಯವನ್ನು ಬಿಟ್ಟು ಓದಿದರೆ ಅನ್ಯಾಯವಾಗುತ್ತದೆ. ಸಕ್ಕರೆ ಏನೆಂದು ಗೊತ್ತಿದೆ, ಅಂದರೆ ಎಷ್ಟೆಂದೂ ಗೊತ್ತಿದೆ. ಕಾಫಿಗೆ ಒಂದು ಚಮಚ, ಪಾನಕಕ್ಕೆ ಎರಡು ಅಚ್ಚು ಬೆಲ್ಲ ಎಂದು ಹಾಕುವ ಕೈಗೆ ಸಿಹಿಯ ಅಳತೆ ನಾಲಿಗೆಯಿಂದ ಸಿಗುತ್ತದೆ. ಹೆಚ್ಚಾಯಿತೋ ಕಡಿಮೆಯಾಯಿತೋ ರುಚಿ ನೋಡಿದರೆ ತಿಳಿಯುತ್ತದೆ. ತೂಕದಲ್ಲಿ ಚಿಟಿಕೆಯಷ್ಟೂ ಇಲ್ಲದೆ ಬಾಟಲಿ ಪೂರ್ತಿ ಸಿಹಿ ಮಾಡುವ ಪದಾರ್ಥ ಆ ಅಳತೆಗೋಲನ್ನೇ ಕಿತ್ತುಕೊಳ್ಳುತ್ತದೆ. ಹೋಗಲಿ, ಲೇಬಲ್ಲಾದರೂ ಹೇಳೀತೇ ಎಂದರೆ, ನನ್ನ ಕೈಯಲ್ಲಿದ್ದ ಬಾಟಲಿಯಲ್ಲಿ ಸಕ್ಕರೆ ಇಷ್ಟು ಗ್ರಾಂ ಎಂದು ಇತ್ತು, 955 ಎಷ್ಟು ಮಿಲಿಗ್ರಾಂ ಎಂದು ಇರಲಿಲ್ಲ. ಅಳೆಯಲು ಬಾರದ್ದನ್ನು ನಂಬುವುದಿಲ್ಲ ಎನ್ನುವವಳಿಗೆ ವಿಜ್ಞಾನ ಗೊತ್ತಿಲ್ಲ ಎನ್ನುವುದು ಹೇಗೆ?

ಇದರ ಹಿಂದೆ ನೆನಪೂ ಇದೆ. ನಮ್ಮ ಬಾಲ್ಯದಲ್ಲಿ ಸೈಕಲ್ಲಿನ ಕ್ಯಾರಿಯರಿಗೆ ಮರದ ಡಬ್ಬ ಕಟ್ಟಿಕೊಂಡು ಐಸ್ ಕ್ಯಾಂಡಿಯವನು ಬರುತ್ತಿದ್ದ. ಡಬ್ಬದ ಮುಚ್ಚಳ ಬಡಿದ ಸದ್ದಿಗೆ ನಾವು ಓಡುತ್ತಿದ್ದೆವು, ಹಿಂದಿನಿಂದ ಅಜ್ಜಿಯ ಕೂಗು ಬರುತ್ತಿತ್ತು: "ಸ್ಯಾಕ್ರಿನ್ ಐಸು ಕಣ್ರೋ, ಗಂಟಲು ಕಟ್ಟುತ್ತೆ!" ಚೀಪಿ ಮುಗಿಸಿದ ಮೇಲೆ ನಾಲಿಗೆಯ ಹಿಂಭಾಗದಲ್ಲಿ ಉಳಿಯುತ್ತಿದ್ದ ಕಹಿಯೇ ಅದರ ಗುರುತು. ಆಗ ಲೇಬಲ್ ಇರಲಿಲ್ಲ, ಕಡ್ಡಿ ಮಾತ್ರ ಇತ್ತು. ಆ ಸ್ಯಾಕ್ರಿನ್ನಿನ ಕಥೆಯೂ ಈ ಪ್ರಸಂಗಕ್ಕೆ ಬೇಕಾದದ್ದೇ. 1879ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಪ್ರಯೋಗಶಾಲೆಯಲ್ಲಿ ಸಿಕ್ಕಿದ ಈ ಪದಾರ್ಥ ಇಲಿಗಳ ಮೂತ್ರಕೋಶದಲ್ಲಿ ಕ್ಯಾನ್ಸರ್ ತರುತ್ತದೆ ಎಂದು ಕಂಡು, 1977ರಿಂದ ಅಲ್ಲಿ ಅದರ ಪೊಟ್ಟಣಗಳ ಮೇಲೆ ಎಚ್ಚರಿಕೆ ಹಾಕಿಸಿದರು. ಇಲಿಗೆ ಹಾಗಾಗುವ ಕಾರಣ ಮನುಷ್ಯರಿಗೆ ಅನ್ವಯಿಸುವುದಿಲ್ಲ ಎಂದು ಆಮೇಲೆ ತಿಳಿದು, 2000ದಲ್ಲಿ ಆ ಎಚ್ಚರಿಕೆ ತೆಗೆದುಹಾಕಿದರು. ಎಚ್ಚರಿಕೆಯ ಪರ ವಾದಿಸುವ ನನ್ನಂಥವರು ಇದನ್ನು ಮರೆಮಾಚಬಾರದು. ಹುಲಿ ಬಂತು ಹುಲಿ ಎಂದು ಕೂಗಿ ಆಮೇಲೆ ಹುಲಿ ಇರಲಿಲ್ಲ ಎಂದು ಹೇಳಬೇಕಾಗಿ ಬಂದದ್ದೂ ಉಂಟು.

ಹಾಗಾದರೆ ಈಗಿನ ಹುಲಿಯ ಕಥೆ ಏನು? 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಂಗಳದಿಂದ ಎರಡು ಸುದ್ದಿ ಬಂದವು. ಮೇ ತಿಂಗಳಲ್ಲಿ ಬಂದದ್ದು ಮಾರ್ಗಸೂಚಿ: ತೂಕ ಇಳಿಸಲೆಂದು ಸಕ್ಕರೆಯಲ್ಲದ ಸಿಹಿಕಾರಕಗಳನ್ನು ಬಳಸಬೇಡಿ, ದೀರ್ಘಕಾಲದಲ್ಲಿ ಅದರಿಂದ ಲಾಭ ಕಾಣುತ್ತಿಲ್ಲ. ಮಕ್ಕಳಿಗೂ ಇದು ಅನ್ವಯ. ಮೊದಲೇ ಮಧುಮೇಹ ಇದ್ದವರನ್ನು ಮಾತ್ರ ಹೊರಗಿಟ್ಟಿದ್ದರು. ಗಿಡದಿಂದ ಬಂದದ್ದು ಎಂದು ನಾವು ಮೆಚ್ಚಿಕೊಂಡ ಸ್ಟೀವಿಯಾ ಕೂಡ ಆ ಪಟ್ಟಿಯಲ್ಲಿತ್ತು. ಈ ಸುದ್ದಿಯನ್ನು ಯಾರೂ ಹೆಚ್ಚು ಕಿವಿಗೆ ಹಾಕಿಕೊಳ್ಳಲಿಲ್ಲ. ಜುಲೈನಲ್ಲಿ ಬಂದ ಎರಡನೆಯದು ಟಿವಿಯಲ್ಲಿ ಇಡೀ ದಿನ ಓಡಿತು: ಆಸ್ಪರ್ಟೇಮ್ ಎಂಬ ಸಿಹಿಕಾರಕ 'ಕ್ಯಾನ್ಸರ್ ತರುವ ಸಾಧ್ಯತೆ ಇರುವ' 2ಬಿ ಗುಂಪಿಗೆ ಸೇರಿದೆ. ಅದೇ ದಿನ ಇನ್ನೊಂದು ತಜ್ಞರ ಸಮಿತಿ, ದಿನಕ್ಕೆ ದೇಹದ ತೂಕದ ಪ್ರತಿ ಕಿಲೋಗೆ 40 ಮಿಲಿಗ್ರಾಂ ಎಂಬ ಹಳೆಯ ಮಿತಿಯನ್ನು ಬದಲಿಸಲು ಕಾರಣ ಕಾಣುತ್ತಿಲ್ಲ ಎಂದದ್ದು ಅರ್ಧ ಜನರಿಗೆ ತಲುಪಲಿಲ್ಲ. ಅಪಾಯ ಇರಬಹುದೇ ಎಂದು ಕೇಳುವವರು ಒಬ್ಬರು, ಎಷ್ಟು ತಿಂದರೆ ಅಪಾಯ ಎಂದು ಕೇಳುವವರು ಇನ್ನೊಬ್ಬರು. ಎರಡೂ ಉತ್ತರ ಒಟ್ಟಿಗೆ ಓದದಿದ್ದರೆ ಭಯ ಮಾತ್ರ ಉಳಿಯುತ್ತದೆ.

ಆಗ ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟ ಉದಾಹರಣೆ 70 ಕಿಲೋ ತೂಕದ ವಯಸ್ಕರದು. ಒಂದು ಕ್ಯಾನಿನಲ್ಲಿ 200ರಿಂದ 300 ಮಿಲಿಗ್ರಾಂ ಆಸ್ಪರ್ಟೇಮ್ ಇದ್ದರೆ ಅವರು ದಿನಕ್ಕೆ 9ರಿಂದ 14 ಕ್ಯಾನಿಗಿಂತ ಹೆಚ್ಚು ಕುಡಿದಾಗ ಮಾತ್ರ ಮಿತಿ ದಾಟುತ್ತಾರಂತೆ. ಓದಿದವರು ನಿಟ್ಟುಸಿರು ಬಿಟ್ಟರು. ಅಷ್ಟು ಯಾರು ಕುಡಿಯುತ್ತಾರೆ! ನಾನು ಅದೇ ಲೆಕ್ಕವನ್ನು ಪೆನ್ಸಿಲ್ ಹಿಡಿದು 15 ಕಿಲೋ ತೂಕದ ಮಗುವಿಗೆ ಹಾಕಿ ನೋಡಿದೆ. ಮಿತಿ 600 ಮಿಲಿಗ್ರಾಂ. ಅಂದರೆ ಎರಡು ಅಥವಾ ಮೂರು ಕ್ಯಾನು. ದಿನವೂ ಅಷ್ಟು ಕುಡಿಯುವ ಮಗು ಅಪರೂಪ, ನಿಜ. ಒಂದು ಪಾರ್ಟಿಯ ಒಂದು ಬಾಟಲಿಯಿಂದ ಏನೂ ಆಗುವುದಿಲ್ಲ, ಅದೂ ನಿಜ. ಆದರೆ ವಯಸ್ಕರ ಲೆಕ್ಕ ಕೊಟ್ಟು ಸಮಾಧಾನ ಹೇಳುವುದಕ್ಕೂ ಮಗುವಿನ ಲೆಕ್ಕ ಕೊಟ್ಟು ಹೇಳುವುದಕ್ಕೂ ವ್ಯತ್ಯಾಸ ಇದೆ. ಮಕ್ಕಳ ಪಾನೀಯದ ಬಗ್ಗೆ ಮಾತಾಡುವಾಗ ಪ್ರತಿಸಲವೂ 70 ಕಿಲೋ ತೂಕದವರನ್ನೇ ಕರೆತಂದು ಸಾಕ್ಷಿಗೆ ನಿಲ್ಲಿಸುವುದು ನನಗೆ ಸರಿಕಾಣುವುದಿಲ್ಲ.

ನನ್ನ ನಿಲುವು ಹೇಳಿಬಿಡುತ್ತೇನೆ. 955ಕ್ಕೆ ನಾನು ವಿಷ ಎಂದು ಹೆಸರಿಡುವುದಿಲ್ಲ. ನನಗೆ ತಕರಾರಿರುವುದು ಅದು ಮಗುವಿನ ನಾಲಿಗೆಗೆ ಕಲಿಸುವ ಪಾಠದ ಬಗ್ಗೆ, ಮತ್ತು ಆ ಪಾಠ ನಡೆಯುತ್ತಿದೆ ಎಂದು ಮನೆಯವರಿಗೆ ಗೊತ್ತಾಗದಂತೆ ಬರೆಯುವ ರೀತಿಯ ಬಗ್ಗೆ. ಸಕ್ಕರೆ ಇಳಿಸಿದರು ಎಂದಾಗ ನಾವು ಸಿಹಿ ಇಳಿಯಿತು ಎಂದುಕೊಳ್ಳುತ್ತೇವೆ. ಸಿಹಿ ಒಂದು ಚೂರೂ ಇಳಿದಿಲ್ಲ, ಕೆಲಸಕ್ಕೆ ಬೇರೆ ಆಳು ಬಂದಿದ್ದಾನೆ ಅಷ್ಟೆ. ಆ ಮಗುವಿಗೆ ಮನೆಯ ಮಜ್ಜಿಗೆ ಸಪ್ಪೆ, ರಾಗಿ ಅಂಬಲಿ ಸಪ್ಪೆ, ರಸಪುರಿ ಮಾವೂ ಒಂದು ದಿನ ಸಪ್ಪೆ ಎನ್ನಿಸುತ್ತದೆ. ನಮ್ಮ ಮನೆಯಲ್ಲಿ ಆ ದಿನ ಬಂದಾಗಿದೆ.

ಲೇಬಲ್ ಬರೆದು ಸಕ್ಕರೆ ಓಡಿಸಲು ಹೊರಟ ದೇಶಗಳಿಗೆ ಇದು ತಡವಾಗಿ ಅರ್ಥವಾಯಿತು. ಚಿಲಿ ದೇಶ 2016ರ ಜೂನ್‌ನಲ್ಲಿ ಎಂಟು ಮೂಲೆಯ ಕಪ್ಪು ಮುದ್ರೆ ತಂದಿತು: 'ಸಕ್ಕರೆ ಅಧಿಕ', 'ಕ್ಯಾಲೊರಿ ಅಧಿಕ' ಎಂದು ಪೊಟ್ಟಣದ ಮುಂಭಾಗದಲ್ಲೇ. ಅಕ್ಷರ ಕಲಿಯದ ಮಗುವೂ ಕಪ್ಪು ಮುದ್ರೆ ಕಂಡರೆ ಅಮ್ಮನ ಕಡೆ ನೋಡುವಂಥ ಚಿತ್ರ. ಪಾನೀಯಗಳಲ್ಲಿ ಸಕ್ಕರೆ ಇಳಿಯಿತು. ಜೊತೆಗೇ ಸಿಹಿಕಾರಕ ಏರಿತು, ಏಕೆಂದರೆ ಆ ಮುದ್ರೆಯ ಲೆಕ್ಕದಲ್ಲಿ ಸಿಹಿಕಾರಕ ಇರಲೇ ಇಲ್ಲ. ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲು ತೆರೆದಿಟ್ಟ ಹಾಗೆ. 2020ರಲ್ಲಿ ತನ್ನ ನಿಯಮ ಬರೆದ ಮೆಕ್ಸಿಕೊ ಹಿತ್ತಿಲನ್ನೂ ನೋಡಿತು. ಕಪ್ಪು ಮುದ್ರೆಗಳ ಜೊತೆ ಒಂದು ಕಪ್ಪು ಪಟ್ಟಿ, ಅದರಲ್ಲಿ ದೊಡ್ಡಕ್ಷರದ ಒಂದೇ ಸಾಲು: ಸಿಹಿಕಾರಕ ಇದೆ, ಮಕ್ಕಳಿಗೆ ಸೂಕ್ತವಲ್ಲ. ಇಂಥ ಪಟ್ಟಿ ಇರುವ ಪೊಟ್ಟಣದ ಮೇಲೆ ಮಕ್ಕಳನ್ನು ಸೆಳೆಯುವ ಗೊಂಬೆ ಚಿತ್ರ ಹಾಕುವ ಹಾಗಿಲ್ಲ. ಸಕ್ಕರೆ ಮೆತ್ತಿದ ಕಾರ್ನ್‌ಫ್ಲೇಕ್ಸ್ ಡಬ್ಬಿಯ ಮೇಲಿದ್ದ ಜಗತ್ಪ್ರಸಿದ್ಧ ಹುಲಿಯೇ ಅಲ್ಲಿ ಮಾಯವಾಯಿತು. ನನ್ನ ಕೋತಿಯೂ ಕನ್ನಡಕ ಮಡಚಿಟ್ಟು ಹೊರಡಬೇಕಾಗುತ್ತಿತ್ತು.

ಬ್ರಿಟನ್ನಿನದು ಬೇರೆ ದಾರಿ. 2018ರ ಏಪ್ರಿಲ್‌ನಿಂದ ಪಾನೀಯದಲ್ಲಿ ಸಕ್ಕರೆ 100 ಎಂಎಲ್‌ಗೆ 5 ಗ್ರಾಂ ಮುಟ್ಟಿದರೆ ಒಂದು ತೆರಿಗೆ, 8 ಗ್ರಾಂ ಮುಟ್ಟಿದರೆ ಇನ್ನೂ ಹೆಚ್ಚು. ಕಂಪನಿಗಳು ಸಕ್ಕರೆಯನ್ನು ಮಿತಿಯ ಕೆಳಗಿಳಿಸಿ ಸಿಹಿಕಾರಕ ಸುರಿದವು. 'ಸಕ್ಕರೆ ಮತ್ತು ಸಿಹಿಕಾರಕಗಳುಳ್ಳ' ಎಂದು ಪಾನೀಯದ ಹೆಸರಿನ ಜೊತೆಗೇ ಬರೆಯಬೇಕೆಂಬ ಕಾನೂನು ಅಲ್ಲಿರುವುದರಿಂದ ಓದುವವರಿಗೆ ಗೊತ್ತಾದರೂ ಆಗುತ್ತದೆ. ವಿಚಿತ್ರ ಅಂದರೆ ಮಕ್ಕಳು ಮುಗಿಬೀಳುವ ಪುಡಿಮಂಜಿನಂಥ ಬಣ್ಣಬಣ್ಣದ ಪಾನೀಯದ್ದು. ಅದು ಗಟ್ಟಿಯಾಗಿ ಹೆಪ್ಪುಗಟ್ಟದೆ ಪುಡಿಯಾಗಿಯೇ ಇರಲು ಸಕ್ಕರೆ ಬೇಕಿತ್ತು. ಸಕ್ಕರೆ ತೆಗೆದಾಗ ಆ ಕೆಲಸಕ್ಕೆ ಗ್ಲಿಸರಾಲ್ ಬಂತು. ಅದನ್ನು ಕುಡಿದು ರಕ್ತದ ಸಕ್ಕರೆ ಕುಸಿದು ಆಸ್ಪತ್ರೆ ಸೇರಿದ 21 ಮಕ್ಕಳ ವಿವರ 2025ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂತು. ಈಗ ಅಲ್ಲಿಯ ಆಹಾರ ಇಲಾಖೆ 7 ವರ್ಷದೊಳಗಿನವರಿಗೆ ಅದನ್ನು ಕೊಡಬೇಡಿ ಎನ್ನುತ್ತಿದೆ. ಸಕ್ಕರೆಯ ಜಾಗಕ್ಕೆ ಯಾರು ಬಂದು ಕೂತರು ಎಂದು ಕೇಳದೆ ಸಕ್ಕರೆ ಎದ್ದುಹೋದದ್ದನ್ನಷ್ಟೇ ಸಂಭ್ರಮಿಸಿದರೆ ಹೀಗಾಗುತ್ತದೆ.

ನಮ್ಮಲ್ಲಿ ಏನಿದೆ? ಹೇಳಿದರೆ ನಂಬುವುದು ಕಷ್ಟ: ಮೆಕ್ಸಿಕೊದ ಆ ವಾಕ್ಯ ನಮ್ಮಲ್ಲಿ ಅದಕ್ಕಿಂತ ಮೊದಲೇ ಇತ್ತು. 2011ರ ಆಹಾರ ಲೇಬಲ್ ನಿಯಮಗಳಲ್ಲಿ ಕೃತಕ ಸಿಹಿಕಾರಕದ ಪೊಟ್ಟಣದ ಮೇಲೆ ಮಕ್ಕಳಿಗೆ ಶಿಫಾರಸು ಮಾಡುವುದಿಲ್ಲ ಎಂಬ ಮಾತು ಬರೆಯಬೇಕಿತ್ತು. ಸಕ್ಕರೆಯಿಲ್ಲದ ಕೋಲಾ ಕ್ಯಾನುಗಳ ಮೇಲೆ ನಾನೇ ಅದನ್ನು ಓದಿದ್ದೇನೆ, ಕ್ಯಾನನ್ನು ಬೆಳಕಿಗೆ ಹಿಡಿದು. ಅದರ ಪಕ್ಕದಲ್ಲೇ 'ಫಿನೈಲ್‌ಕೀಟೋನೂರಿಯಾ ಇರುವವರಿಗಲ್ಲ' ಎಂಬ ಇನ್ನೊಂದು ಸಾಲು. ಆಸ್ಪರ್ಟೇಮಿನಲ್ಲಿರುವ ಒಂದು ಅಂಶವನ್ನು ದೇಹ ಅರಗಿಸಿಕೊಳ್ಳಲಾಗದ, ಹುಟ್ಟಿನಿಂದಲೇ ಬರುವ ಅಪರೂಪದ ಕಾಯಿಲೆ ಅದು. ಹುಟ್ಟಿದ ಪ್ರತಿ ಮಗುವಿಗೂ ಅದರ ಪರೀಕ್ಷೆ ಮಾಡುವ ವ್ಯವಸ್ಥೆ ದೇಶಾದ್ಯಂತ ಇಲ್ಲದಿರುವಾಗ, ಯಾವ ತಾಯಿ ಆ ಸಾಲಿನಲ್ಲಿ ತನ್ನ ಮಗುವನ್ನು ಗುರುತಿಸಬೇಕು? ಈ ಬರವಣಿಗೆಯ ಶೈಲಿಯೇ ಹಾಗೆ. ನಾಳೆ ಯಾರಾದರೂ ಕೇಸು ಹಾಕಿದರೆ 'ನಾವು ಹೇಳಿದ್ದೆವಲ್ಲ' ಎನ್ನಲು ಬರೆದದ್ದು. ಕೇಳಿಸಲಿ ಎಂದು ಬರೆದಿದ್ದರೆ ಇಷ್ಟು ಮೆಲ್ಲಗೆ ಹೇಳುತ್ತಿರಲಿಲ್ಲ.

ಮುಂಭಾಗದ ಒಂದು ಪದಕ್ಕೂ ಹಿಂಭಾಗದ ಒಂದು ಪ್ಯಾರಾಕ್ಕೂ ಜಗಳವಾದರೆ ಗೆಲ್ಲುವುದು ಯಾವುದು ಎಂಬುದಕ್ಕೆ ನಮ್ಮಲ್ಲೇ ಒಂದು ದೊಡ್ಡ ಮೊಕದ್ದಮೆ ನಡೆದುಹೋಗಿದೆ. ವಾಂತಿ ಭೇದಿಯಾದ ಮಗುವಿಗೆ ಕೊಡುವ ಓಆರ್‌ಎಸ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಲೀಟರಿಗೆ 13.5 ಗ್ರಾಂ ಗ್ಲೂಕೋಸ್ ಇರಬೇಕು. ಅದಕ್ಕಿಂತ ಎಷ್ಟೋ ಪಟ್ಟು ಸಕ್ಕರೆ ಇರುವ ಹಣ್ಣಿನ ಪಾನೀಯಗಳು ಆ ಮೂರಕ್ಷರವನ್ನು ಹೆಸರಿನಲ್ಲಿ ಸೇರಿಸಿಕೊಂಡು ಮೆಡಿಕಲ್ ಶಾಪುಗಳಲ್ಲಿ ಮಾರಾಟವಾದವು. ಸಕ್ಕರೆ ಅತಿಯಾದರೆ ಕರುಳಿಗೆ ಇನ್ನಷ್ಟು ನೀರು ಎಳೆದು ಭೇದಿ ಹೆಚ್ಚುತ್ತದೆ. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ಇದನ್ನು ಹಿಡಿದುಕೊಂಡು ಸುಮಾರು ಎಂಟು ವರ್ಷ ಹೋರಾಡಿದರು. 2022ರ ಏಪ್ರಿಲ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಆ ಹೆಸರು ಬಳಸಬಾರದು ಎಂದಿತು. ಅದೇ ವರ್ಷ ಜುಲೈನಲ್ಲಿ, ಇದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ ಓಆರ್‌ಎಸ್ ಅಲ್ಲ ಎಂದು ಪೊಟ್ಟಣದ ಮೇಲೆ ಬರೆದರೆ ಸಾಕು ಎಂದು ಸಡಿಲಿಸಿತು. ಹೆಸರಿನಲ್ಲಿ ಹೌದು, ವಿವರಣೆಯಲ್ಲಿ ಅಲ್ಲ! ರಾತ್ರಿ ಹನ್ನೊಂದಕ್ಕೆ ಸುಸ್ತಾದ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಮೆಡಿಕಲ್ ಶಾಪಿನ ಕಟ್ಟೆಗೆ ಬಂದವರು ವಿವರಣೆ ಓದುತ್ತಾರೆಯೇ? 2025ರ ಅಕ್ಟೋಬರ್ 14ರಂದು ಪ್ರಾಧಿಕಾರ ಆ ಅನುಮತಿಯನ್ನು ಹಿಂದಕ್ಕೆ ಪಡೆಯಿತು. ಹಿಂಭಾಗದ ಅಲ್ಲಗಳೆತ ಮುಂಭಾಗದ ಸುಳ್ಳನ್ನು ತೊಳೆಯುವುದಿಲ್ಲ ಎಂದು ಒಪ್ಪಿಕೊಳ್ಳಲು ಮೂರು ವರ್ಷ ಹಿಡಿಯಿತು.

ಬೋರ್ನ್‌ವೀಟಾ ಪ್ರಕರಣ ಎಲ್ಲರಿಗೂ ನೆನಪಿದ್ದೀತು. 2023ರ ಏಪ್ರಿಲ್‌ನಲ್ಲಿ ಅದರ ಸಕ್ಕರೆಯ ಬಗ್ಗೆ ರೇವಂತ್ ಹಿಮತ್‌ಸಿಂಕಾ ಹಾಕಿದ ವಿಡಿಯೊ, ಕಂಪನಿಯ ಲಾಯರ್ ನೋಟಿಸು, ವಿಡಿಯೊ ತೆಗೆದದ್ದು, ಅಷ್ಟರಲ್ಲಿ ಅದು ಮನೆಮನೆ ತಲುಪಿದ್ದು. 20 ಗ್ರಾಂ ಪುಡಿಯಲ್ಲಿ ಸೇರಿಸಿದ ಸಕ್ಕರೆ 7.5 ಗ್ರಾಂ ಎಂದು ಕಂಪನಿಯೇ ಹೇಳಿತು. ಒಂದೂವರೆ ಚಮಚವಷ್ಟೇ ಎಂಬ ಧಾಟಿಯಲ್ಲಿ. ಮೂರರಲ್ಲಿ ಒಂದು ಪಾಲಿಗೂ ಹೆಚ್ಚು ಎಂದು ಅದನ್ನೇ ಓದಬಹುದು. ಆ ವರ್ಷದ ಕೊನೆಗೆ ಸಕ್ಕರೆ ಇಳಿಯಿತು, 2024ರ ಏಪ್ರಿಲ್‌ನಲ್ಲಿ ಆನ್‌ಲೈನ್ ಅಂಗಡಿಗಳು ಇಂಥವನ್ನು 'ಹೆಲ್ತ್ ಡ್ರಿಂಕ್' ಸಾಲಿನಲ್ಲಿ ಇಡಬಾರದೆಂದು ಕೇಂದ್ರ ವಾಣಿಜ್ಯ ಸಚಿವಾಲಯ ಹೇಳಿತು. ಅದೇ ತಿಂಗಳು ಹಾರ್ಲಿಕ್ಸ್ ತಯಾರಕರು ತಮ್ಮ ವಿಭಾಗದ ಹೆಸರನ್ನು 'ಫಂಕ್ಷನಲ್ ನ್ಯೂಟ್ರಿಷನಲ್ ಡ್ರಿಂಕ್ಸ್' ಎಂದು ಬದಲಿಸಿಕೊಂಡರು. ಹೆಸರು ಹೋಯಿತು, ಇನ್ನೂ ಉದ್ದದ ಹೆಸರು ಬಂತು. ಪೋಷಕರ ಸಿಟ್ಟಿನಿಂದ ಸಿಕ್ಕ ಈ ಗೆಲುವನ್ನು ನಾನು ಹಗುರ ಮಾಡುವುದಿಲ್ಲ. ಆದರೆ ಗಲಾಟೆಯೆಲ್ಲ ಸಕ್ಕರೆಯದೇ ಆಗಿತ್ತು. ಸಕ್ಕರೆ ಬೇಡ ಎಂದು ಊರೆಲ್ಲ ಕೂಗುವಾಗ 'ಲೆಸ್ ಶುಗರ್' ಎನ್ನಲು ಕಾದಿದ್ದವರಿಗೆ, ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ.

ಪ್ರಾಧಿಕಾರ 2022ರಲ್ಲಿ ಮುಂದಿಟ್ಟ ನಕ್ಷತ್ರ ಪದ್ಧತಿಯ ಕರಡೂ ಇದೇ ದಾರಿಯಲ್ಲಿದೆ. ಶಕ್ತಿ, ಕೊಬ್ಬು, ಸಕ್ಕರೆ, ಸೋಡಿಯಂ ಲೆಕ್ಕ ಹಾಕಿ ಅರ್ಧದಿಂದ ಐದರವರೆಗೆ ನಕ್ಷತ್ರ. ಸಕ್ಕರೆ ಇಳಿಸಿ 955 ಸೇರಿಸಿದರೆ ನಕ್ಷತ್ರ ಏರಬಹುದಾದ ಗಣಿತ. ಮೇಲಾಗಿ ನಕ್ಷತ್ರ ನಮ್ಮ ಮಕ್ಕಳಿಗೆ ಗೊತ್ತಿರುವುದು ಟೀಚರು ಕೈಮೇಲೆ ಬರೆಯುವ ಬಹುಮಾನವಾಗಿ. ಒಂದೂವರೆ ನಕ್ಷತ್ರದ ಬಾಟಲಿಯೂ ಬಹುಮಾನ ಪಡೆದ ಬಾಟಲಿಯೇ. ಮುಂಭಾಗದ ಲೇಬಲ್ ಬಗ್ಗೆ ಮೂರು ತಿಂಗಳಲ್ಲಿ ತೀರ್ಮಾನಕ್ಕೆ ಬನ್ನಿ ಎಂದು ಸುಪ್ರೀಂ ಕೋರ್ಟು 2025ರ ಏಪ್ರಿಲ್‌ನಲ್ಲಿ ಹೇಳಿತು. ಆಮೇಲೆ ಗಡುವು ಮುಂದಕ್ಕೆ ಹೋಯಿತು.

ಇನ್ನು ಭಾಷೆ. ಕೇಂದ್ರದ ನಿಯಮದ ಪ್ರಕಾರ ಲೇಬಲ್ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇದ್ದರೆ ಸಾಕು, ಬೇರೆ ಭಾಷೆ ಕಂಪನಿಯ ಇಷ್ಟ. ಕರ್ನಾಟಕ ಸರ್ಕಾರ 2025ರ ಫೆಬ್ರವರಿಯಲ್ಲಿ, ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯಡಿ, ರಾಜ್ಯದಲ್ಲಿ ತಯಾರಾಗುವ ಸರಕಿನ ಮೇಲೆ ಹೆಸರು ಮತ್ತು ಬಳಕೆಯ ಸೂಚನೆ ಕನ್ನಡದಲ್ಲೂ ಇರಬೇಕು ಎಂದು ಆದೇಶಿಸಿತು. ಒಳ್ಳೆಯ ಕೆಲಸ. ಆದರೆ ಹಣ್ಣಿನ ಪಾನೀಯದ ಬಳಕೆಯ ಸೂಚನೆ ಎಂದರೆ 'ಚೆನ್ನಾಗಿ ಕುಲುಕಿ ಕುಡಿಯಿರಿ' ಎಂಬುದಷ್ಟೆ! ಅತ್ತೆಗೆ ತಿಳಿಯಬೇಕಾದ್ದು ಕುಲುಕುವುದಲ್ಲ. ಕನ್ನಡಕ್ಕೆ ತಂದರೂ 'ಕ್ಯಾಲೊರಿರಹಿತ ಕೃತಕ ಸಿಹಿಕಾರಕವನ್ನು ಒಳಗೊಂಡಿದೆ' ಎಂದು ಸರ್ಕಾರಿ ಕನ್ನಡದಲ್ಲಿ ಬರೆದರೆ ಅದೂ ಇಂಗ್ಲಿಷಿನಷ್ಟೇ ದೂರ. ಅಂಗಡಿಯ ಕನ್ನಡದಲ್ಲಿ ಇದಕ್ಕೆ ಮಾತು ಇದೆ. ಮಧುಮೇಹದವರು ಕಾಫಿಗೆ ಹಾಕಿಕೊಳ್ಳುವ ಗುಳಿಗೆ ಎಲ್ಲರಿಗೂ ಗೊತ್ತು. 'ಶುಗರ್ ಇರುವವರು ಹಾಕಿಕೊಳ್ಳುವಂಥ ಗುಳಿಗೆಯ ಸಿಹಿ ಇದರಲ್ಲಿದೆ, ಮಕ್ಕಳಿಗೆ ಬೇಡ' ಎಂದು ಹೇಳಿದ ಕೂಡಲೇ ಅತ್ತೆ ಬಾಟಲಿಯನ್ನು ಮೇಜಿನ ಮೇಲಿಟ್ಟು ಕೈ ಹಿಂದಕ್ಕೆ ತೆಗೆದುಕೊಂಡಿದ್ದರು. "ಅಯ್ಯೋ, ನಿಮ್ಮ ಮಾವ ಹಾಕ್ಕೊಳ್ತಿದ್ದ ಗುಳಿಗೇನಾ? ಮಗೀಗೆ ಯಾಕೆ ಹಾಕವ್ರೆ?"

ಆ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ. ಮಗಳಿಗೆ ಮಾತ್ರ ಅಂದು ಬಾಟಲಿಯಲ್ಲಿ ಅರ್ಧ ಸಿಕ್ಕಿತು. ಕೋತಿಯ ಮುಂದೆ ನನ್ನ ವಿಮರ್ಶೆ ಅಷ್ಟಕ್ಕೇ ನಿಂತಿತು.

ಮನೆಯ ಮಟ್ಟಿಗೆ ನಾವೊಂದು ಉಪಾಯ ಮಾಡಿಕೊಂಡೆವು. ಯೋಚನೆ ಅತ್ತೆಯದೇ. ಮನೆಗೆ ಬಂದ ಬಾಟಲಿ, ಪೊಟ್ಟಣಗಳಲ್ಲಿ ಸಿಹಿಕಾರಕಗಳ ಸಂಖ್ಯೆಗಳಾದ 950, 951, 954, 955, 960 ಈ ಐದರಲ್ಲಿ ಯಾವುದಿದ್ದರೂ ನಾನು ಓದಿ ಹೇಳಬೇಕು. ಅವರು ಕನ್ನಡಿಯ ಅಂಚಿಗೆ ಅಂಟಿಸಿಟ್ಟ ಕೆಂಪು ಸ್ಟಿಕ್ಕರ್ ಬಿಂದಿಗಳಲ್ಲಿ ಒಂದನ್ನು ತೆಗೆದು ಹಸಿರು ಚುಕ್ಕೆಯ ಪಕ್ಕ ಅಂಟಿಸುತ್ತಾರೆ. ಮೊಮ್ಮಗಳಿಗೂ ಈಗ ಅದು ಗೊತ್ತು. ಬಿಂದಿ ಇಟ್ಟ ಬಾಟಲಿ ದೊಡ್ಡವರದು.

ಹೋದ ವಾರ ಇಬ್ಬರೂ ಬೀದಿಯ ಕೊನೆಯ ಅಂಗಡಿಗೆ ಹೋಗಿದ್ದರಂತೆ. ಮಗಳು ಹೊಸದೊಂದು ನೇರಳೆ ಬಣ್ಣದ ಬಾಟಲಿ ತೋರಿಸಿದಳಂತೆ. ಅತ್ತೆ ಅದನ್ನು ಅಂಗಡಿಯವನ ಕೈಗೆ ಕೊಟ್ಟು, "ಇದ್ರಾಗೆ ಬಿಂದಿ ಐತಾ ನೋಡಪ್ಪ" ಎಂದರಂತೆ. ಆತ ಬಾಟಲಿಯನ್ನು ಎರಡು ಸುತ್ತು ತಿರುಗಿಸಿ, ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು ಇನ್ನೊಂದು ಸುತ್ತು ತಿರುಗಿಸಿ ಹೇಳಿದನಂತೆ: "ಬಿಂದಿ ಗೊತ್ತಿಲ್ಲ ಅಮ್ಮ. ಒಳಗೆ ಒಂದು ಸ್ಟ್ರಾ ಫ್ರೀ ಐತೆ."